ಒಂದೇ ದಿನ ಎರಡು ತೇರು

ಚಿರಂಜೀವಿ ರಘು ಮತ್ತು ಪ್ರಕಾಶನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪೀಣ್ಯದ ಎರಡೂ ವರ್ಕ್‌ಷಾಪುಗಳನ್ನು ಮತ್ತೆ ಒಂದು ಮಾಡುವ ಮಾತುಕತೆ ನಡೆದಿದೆಯೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷ. ಆದರೆ ಫೋನಿಡುವ ಮುಂಚೆ ಇನ್ನೊಂದು ಮಾತು ಸೇರಿಸಿದ: "ಪ್ರಕಾಶನಿಗೆ ಆರ್ಡರು ಕಮ್ಮಿಯಾಗಿದೆಯಂತೆ ಅಣ್ಣಾ. ಇನ್ನೊಂದಾರು ತಿಂಗಳು ಕಾದ್ರೆ ಅವನೇ ದಾರಿಗೆ ಬರ್ತಾನೆ ಅಂತ ರಘು ಹೇಳ್ತಿದ್ದ." ಆ ಮಾತು ನನಗೆ ಹಿಡಿಸಲಿಲ್ಲ. ಅದಕ್ಕೇ ಈ ಕಾಗದ. ಇಬ್ಬರಿಗೂ ಸೇರಿಸಿ ಒಂದೇ ಬರೆದಿದ್ದೇನೆ, ದಯವಿಟ್ಟು ಇದನ್ನಾದರೂ ಒಟ್ಟಿಗೆ ಕೂತು ಓದಿ.

ನಾನು ನೌಕರಿ ಮಾಡಿ, ನಿವೃತ್ತಿಯಾಗಿ ಇಲ್ಲೇ ಉಳಿದ ಇಂಡಿಯಾನಾ ರಾಜ್ಯದಲ್ಲಿ ಮೇ ತಿಂಗಳು ಬಂತೆಂದರೆ ಕ್ಯಾಂಟೀನಿನಲ್ಲೂ ಕ್ಷೌರದಂಗಡಿಯಲ್ಲೂ ಒಂದೇ ವಿಷಯ, ಇಂಡಿಯಾನಾಪೊಲಿಸ್ 500. ನಾಲ್ಕು ಕಿಲೋಮೀಟರ್ ಸುತ್ತಳತೆಯ ಟ್ರ್ಯಾಕು, 200 ಸುತ್ತು, 33 ಕಾರು. ಚಕ್ರಗಳು ಮೈಯಿಂದ ಹೊರಗೆ ನಿಂತ, ಒಬ್ಬರೇ ಕೂರುವ ಕಾರುಗಳು. ನೀವು ಟೀವಿಯಲ್ಲಿ ನೋಡುವ ಫಾರ್ಮುಲಾ ಒನ್‌ನ ದಾಯಾದಿಗಳು ಅನ್ನಿ. 1911ರಿಂದ ನಡೆಯುತ್ತ ಬಂದಿದೆ. ಗೆದ್ದವರು ಹಾಲು ಕುಡಿಯುತ್ತಾರೆ, ಅದೊಂದು ಸಂಪ್ರದಾಯ. ರೇಸಿನ ಗಂಧಗಾಳಿ ಇಲ್ಲದ ಅಜ್ಜಿಯರೂ ಆ ಭಾನುವಾರ ರೇಡಿಯೋ ಹಚ್ಚುವುದನ್ನು ನೋಡಿದ್ದೇನೆ. ಈ ಕ್ರೀಡೆ ಎರಡು ಹೋಳಾಗಿ, ಹನ್ನೆರಡು ವರ್ಷ ಬಡಿದಾಡಿ, ಮತ್ತೆ ಒಂದಾದದ್ದು ನನ್ನ ಕಣ್ಣೆದುರಿಗೇ. ಒಡೆದದ್ದರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕೂಡಿಕೊಂಡದ್ದರ ಕಥೆ ಅದಕ್ಕಿಂತ ಕಷ್ಟದ್ದು, ನಿಮಗೆ ಬೇಕಾದದ್ದೂ ಅದೇ.

ಮೂಲ ಸ್ವಲ್ಪ ಹಿಂದಿದೆ. 1978ರಲ್ಲಿ ಡ್ಯಾನ್ ಗರ್ನಿ ಎಂಬ ಹಳೆಯ ರೇಸುಗಾರ ತನ್ನ ಜೊತೆಯ ತಂಡದ ಮಾಲೀಕರಿಗೆಲ್ಲ ಒಂದು ಉದ್ದನೆಯ ಪತ್ರ ಬರೆದ. ಬಂಡವಾಳ ನಮ್ಮದು, ಆಡಳಿತ ಮಾತ್ರ ಬೇರೆಯವರದು, ಇದು ಎಷ್ಟು ದಿನ ಎಂಬುದು ಅದರ ಸಾರ. ಆಗ ರೇಸುಗಳನ್ನು ನಡೆಸುತ್ತಿದ್ದ ಸಂಸ್ಥೆ ಯುಸಾಕ್. ರೋಜರ್ ಪೆನ್ಸ್ಕಿ, ಪ್ಯಾಟ್ ಪ್ಯಾಟ್ರಿಕ್ ಮುಂತಾದ ಮಾಲೀಕರು ಸೇರಿ ಕಾರ್ಟ್ ಎಂಬ ತಮ್ಮದೇ ಸಂಸ್ಥೆ ಕಟ್ಟಿದರು. 1979ರ ಮೇನಲ್ಲಿ ಯುಸಾಕ್ ಇವರ ಆರು ತಂಡಗಳ ಅರ್ಜಿಯನ್ನೇ ತಿರಸ್ಕರಿಸಿತು. ಅವರು ಕೋರ್ಟಿಗೆ ಹೋಗಿ ಆಜ್ಞೆ ತಂದರು, ಟ್ರ್ಯಾಕಿಗಿಳಿದರು, ಪೆನ್ಸ್ಕಿ ತಂಡದ ರಿಕ್ ಮಿಯರ್ಸ್ ರೇಸನ್ನೂ ಗೆದ್ದ. ಪೆನ್ಸ್ಕಿಯ ಹೆಸರು ನೆನಪಿಟ್ಟುಕೊಳ್ಳಿ.

ಕಾರ್ಟ್ ಚೆನ್ನಾಗಿಯೇ ಬೆಳೆಯಿತು. ಆದರೆ ಇಂಡಿಯಾನಾಪೊಲಿಸ್‌ನ ಆ ಟ್ರ್ಯಾಕು ಮಾತ್ರ ಹಲ್ಮನ್ ಕುಟುಂಬದ ಆಸ್ತಿ. ಅಜ್ಜ ಟೋನಿ ಹಲ್ಮನ್ 1945ರಲ್ಲಿ ಕೊಂಡದ್ದು. 1990ರಲ್ಲಿ ಮೊಮ್ಮಗ ಟೋನಿ ಜಾರ್ಜ್ ಅಧಿಕಾರಕ್ಕೆ ಬಂದ. ಅವನ ತಕರಾರು ಹುರುಳಿಲ್ಲದ್ದಲ್ಲ. ರೇಸಿನ ಖರ್ಚು ಕೈಮೀರುತ್ತಿದೆ, ವಿದೇಶಿ ಚಾಲಕರು ದುಡ್ಡು ಹೊತ್ತು ತಂದು ಸೀಟು ಹಿಡಿಯುತ್ತಾರೆ, ನಮ್ಮೂರ ಮಣ್ಣಿನ ಟ್ರ್ಯಾಕಿನಲ್ಲಿ ಪಳಗಿದ ಹುಡುಗರಿಗೆ ದಾರಿಯಿಲ್ಲ ಅನ್ನುತ್ತಿದ್ದ. ಜೆಫ್ ಗಾರ್ಡನ್ ಎಂಬ ಹುಡುಗ ಇದೇ ಇಂಡಿಯಾನಾದಲ್ಲಿ ಕೈ ಪಳಗಿಸಿಕೊಂಡವನು, ಇಲ್ಲಿ ಜಾಗ ಸಿಗದೆ ನ್ಯಾಸ್ಕಾರ್‌ಗೆ, ಅಂದರೆ ಮುಚ್ಚಿದ ಮೈಯ ಕಾರುಗಳ ರೇಸಿಗೆ ಹೋದ. 1994ರಲ್ಲಿ ನ್ಯಾಸ್ಕಾರ್ ಮೊದಲ ಸಲ ಇಂಡಿಯಾನಾಪೊಲಿಸ್‌ಗೆ ಬಂದಾಗ ಗೆದ್ದವನೂ ಅವನೇ.

ಕಾರ್ಟಿನವರು ಜಾರ್ಜನಿಗೆ ಕೆಲಕಾಲ ತಮ್ಮ ಬೋರ್ಡಿನಲ್ಲಿ ಕುರ್ಚಿ ಕೊಟ್ಟಿದ್ದರು, ವೋಟು ಕೊಡಲಿಲ್ಲ. ನನ್ನ ಮಟ್ಟಿಗೆ ಇಡೀ ರಾದ್ಧಾಂತದ ಬೀಜ ಅಲ್ಲಿದೆ. ದೇಶದ ಅತಿ ದೊಡ್ಡ ರೇಸು ಯಾರ ಅಂಗಳದಲ್ಲಿ ನಡೆಯುತ್ತದೋ ಅವನನ್ನು ಸಭೆಗೆ ಕರೆದು, ಕಾಫಿ ಕೊಟ್ಟು, ಕೈ ಎತ್ತುವ ಹಕ್ಕು ಮಾತ್ರ ಇಲ್ಲ ಎಂದರೆ ಅವನು ಎಷ್ಟು ದಿನ ಕೂತಾನು? ಪ್ರಕಾಶಾ, ನೀನು ಹೊರಗೆ ಹೋಗುವ ಮೊದಲು ಎರಡು ವರ್ಷ ನಿನ್ನ ಹೆಸರು ಲೆಟರ್‌ಹೆಡ್‌ನಲ್ಲಿತ್ತು, ಚೆಕ್ಕಿಗೆ ಸಹಿ ಮಾತ್ರ ರಘುವಿನದು. ಆಗಲೇ ನಾನು ನಿಮ್ಮಪ್ಪನಿಗೆ ಹೇಳಿದ್ದೆ.

ಜಾರ್ಜ್ 1994ರಲ್ಲಿ ಇಂಡಿ ರೇಸಿಂಗ್ ಲೀಗ್ ಎಂಬ ಹೊಸ ಸರಣಿ ಘೋಷಿಸಿದ. 1996ಕ್ಕೆ ಅದರ ಆಟ ಶುರು. ಅಷ್ಟಕ್ಕೇ ನಿಲ್ಲದೆ, 500ರ 33 ಜಾಗಗಳಲ್ಲಿ 25 ತನ್ನ ಲೀಗಿನ ತಂಡಗಳಿಗೆ ಮೀಸಲು ಎಂದ. ಕಾರ್ಟಿನವರು ಕೆರಳಿ, ಅದೇ ದಿನ, 1996ರ ಮೇ 26ರಂದು, ಮಿಷಿಗನ್ನಿನಲ್ಲಿ ಯು.ಎಸ್. 500 ಎಂಬ ತಮ್ಮದೇ ರೇಸು ಇಟ್ಟುಕೊಂಡರು. ಊರ ತೇರಿನ ದಿನವೇ ಪಕ್ಕದ ಬೀದಿಯಲ್ಲಿ ಇನ್ನೊಂದು ತೇರು ಎಳೆದ ಹಾಗೆ.

ಆ ಭಾನುವಾರವನ್ನು ನೀವು ತಿಳಿದುಕೊಳ್ಳಬೇಕು. ಮಿಷಿಗನ್ನಿನಲ್ಲಿ ಇದ್ದವರು ನುರಿತವರು, ದೊಡ್ಡ ಹೆಸರುಗಳು. ನಿಜವಾದ ರೇಸುಗಾರರು ನಾವು, ಅಲ್ಲಿರುವುದು ಹೊಸಬರ ಸಂತೆ ಎಂಬ ಬಿಗುಮಾನ. ಹಸಿರು ಬಾವುಟ ಬೀಳುವ ಮೊದಲೇ ಮುಂದಿನ ಸಾಲಿನ ಕಾರುಗಳು ಒಂದಕ್ಕೊಂದು ತಗುಲಿ, ಹಿಂದಿನವು ಬಂದು ಬಿದ್ದು, ಹನ್ನೆರಡರಷ್ಟು ಕಾರುಗಳು ನುಜ್ಜುಗುಜ್ಜಾದವು. ಬದಲಿ ಕಾರು ತಂದು ರೇಸು ಮತ್ತೆ ಶುರುಮಾಡಬೇಕಾಯಿತು. ಗೆದ್ದ ಜಿಮ್ಮಿ ವ್ಯಾಸರ್ ಓಡಿಸಿದ್ದೂ ಬದಲಿ ಕಾರೇ. ಇತ್ತ ಇಂಡಿಯಾನಾಪೊಲಿಸ್‌ನಲ್ಲಿ 33 ಜನರಲ್ಲಿ 17 ಮಂದಿ ಆ ರೇಸಿಗೆ ಹೊಸಬರು. ಮೊದಲ ಸ್ಥಾನದಿಂದ ಹೊರಡಬೇಕಿದ್ದ ಸ್ಕಾಟ್ ಬ್ರೇಟನ್ ಒಂಬತ್ತು ದಿನ ಮುಂಚೆ ಅಭ್ಯಾಸದಲ್ಲಿ ತೀರಿಕೊಂಡಿದ್ದ. ಗೆದ್ದದ್ದು ಬಡ್ಡಿ ಲೇಜಿಯರ್, ಮಾರ್ಚಿನ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡಿದ್ದವನು. ಆ ನೋವಿನಲ್ಲೇ 800 ಕಿಲೋಮೀಟರ್ ಓಡಿಸಿ, ಕಾರಿನಿಂದ ಕಷ್ಟಪಟ್ಟು ಇಳಿದ. ಬೇರೆ ಯಾವ ವರ್ಷವಾಗಿದ್ದರೂ ದೇಶವೆಲ್ಲ ಅವನ ಕಥೆಯನ್ನೇ ಹೇಳುತ್ತಿತ್ತು. ಆ ವರ್ಷ ಜನ ಕೇಳಿದ್ದು ಒಂದೇ: ಯಾವುದು ಅಸಲಿ?

ಜನ ಹಾಗೆ ಕೇಳಲು ಶುರುಮಾಡಿದ ದಿನ ಎರಡೂ ಕಡೆಯವರು ಸೋತರು. ಮುಂದಿನ ಹನ್ನೆರಡು ವರ್ಷ ಅದರ ಲೆಕ್ಕ ಚುಕ್ತಾ ಆಗುತ್ತ ಹೋಯಿತು, ಅಷ್ಟೆ. ಇಂಡಿಕಾರ್ ಎಂಬ ಹೆಸರಿಗಾಗಿಯೇ ಕೋರ್ಟು ಕಟ್ಟೆ ಹತ್ತಿದರು. ಕೊನೆಗೆ ರಾಜಿಯಾಗಿ 2002 ಮುಗಿಯುವವರೆಗೂ ಇಬ್ಬರೂ ಅದನ್ನು ಬಳಸುವಂತಿಲ್ಲ ಎಂದಾಯಿತು. ಒಂದು ಕ್ರೀಡೆ ತನ್ನ ಹೆಸರನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಕಾರ್ಟ್ ಚಾಂಪ್ ಕಾರ್ ಆಯಿತು. ಟೀವಿ ಮುಂದೆ ಕೂತವರಿಗೆ ಯಾರು ಎಲ್ಲಿ ಓಡಿಸುತ್ತಾರೆಂದೇ ತಿಳಿಯದೆ ಚಾನೆಲ್ ಬದಲಿಸಿದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುತ್ತಾರಲ್ಲ, ಆ ಮೂರನೆಯವನು ನ್ಯಾಸ್ಕಾರ್. ಹುಟ್ಟೂರಿನ ಹುಡುಗರಿಗಾಗಿಯೇ ಕಟ್ಟಿದೆ ಎಂದು ಜಾರ್ಜ್ ಹೇಳಿಕೊಂಡ ಲೀಗಿನ ದೊಡ್ಡ ತಾರೆ ಟೋನಿ ಸ್ಟೀವರ್ಟ್ ಕೂಡ ಕೆಲವೇ ವರ್ಷಗಳಲ್ಲಿ ಅಲ್ಲಿಗೇ ಹೋದ.

ರಘು, ಇದು ನಿನಗೆ. ಎದುರಾಳಿ ಬಡವಾದರೆ ನಾನು ಶ್ರೀಮಂತನಾದೆ ಎಂದು ಲೆಕ್ಕ ಹಾಕಬೇಡ. ಕಾರ್ಟ್ 1998ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋದಾಗ ಒಂದು ಷೇರಿಗೆ 16 ಡಾಲರ್. 2003ರ ಹೊತ್ತಿಗೆ ಒಂದು ಡಾಲರೂ ಇಲ್ಲ. ಅಷ್ಟರೊಳಗೆ ಪೆನ್ಸ್ಕಿ ಪೂರ್ತಿಯಾಗಿ ಜಾರ್ಜನ ಲೀಗಿನ ಕಡೆಗೆ ಹೊರಟಿದ್ದರು, ಮರುವರ್ಷ ಗನಾಸ್ಸಿ, ಆಂಡ್ರೆಟ್ಟಿ ತಂಡಗಳೂ, ಎಂಜಿನ್ ಕೊಡುತ್ತಿದ್ದ ಹೋಂಡಾ, ಟೊಯೋಟಾಗಳೂ. ಹಾಗಾದರೆ ಲೀಗು ಕೊಬ್ಬಿತೆ? 2003, 2004ರಲ್ಲಿ ಇಂಡಿಯಾನಾಪೊಲಿಸ್‌ನ 33 ಜಾಗಕ್ಕೆ 33 ಕಾರು ಹೊಂದಿಸುವುದರಲ್ಲೇ ಅವರಿಗೆ ಸಾಕುಸಾಕಾಯಿತು. ಮೊದಲು ಆ ಜಾಗಕ್ಕಾಗಿ ಕಾದಾಡಿ, ಸೋತು, ಅಳುತ್ತ ಮನೆಗೆ ಹೋಗುವವರು ಇರುತ್ತಿದ್ದರು.

ಇನ್ನೊಂದು ವಿಚಿತ್ರ ಕೇಳಿ. ಅಂಡಾಕಾರದ ಟ್ರ್ಯಾಕು ಸಾಕು, ಬೀದಿ ರೇಸು ಬೇಡ ಎಂಬುದು ಲೀಗಿನ ಹುಟ್ಟುಮಂತ್ರ. 2005ರಲ್ಲಿ ಅವರೇ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಬೀದಿಯಲ್ಲಿ ರೇಸು ಇಟ್ಟರು. ಖರ್ಚು ಏರಿತ್ತು, ಚಾಲಕರಲ್ಲಿ ವಿದೇಶೀಯರೂ ಬೇಕಾದಷ್ಟಿದ್ದರು. ಯಾವ ಕಾರಣಕ್ಕೆ ಬೇರೆಯಾದರೋ ಆ ಕಾರಣಗಳೆಲ್ಲ ಹತ್ತು ವರ್ಷದೊಳಗೆ ಕರಗಿಹೋಗಿದ್ದವು. ಜಗಳ ಮಾತ್ರ ಹಾಗೇ ಇತ್ತು. ನೀವಿಬ್ಬರೂ ಯಾಕೆ ಬೇರೆಯಾದಿರಿ? ಪ್ರಕಾಶ ಹೊಸ ಸಿಎನ್‌ಸಿ ಯಂತ್ರಕ್ಕೆ ಸಾಲ ಮಾಡೋಣ ಎಂದ, ರಘು ಬೇಡ ಎಂದ. ಈಗ ಇಬ್ಬರ ಶೆಡ್ಡಿನಲ್ಲೂ ಸಾಲದ ಯಂತ್ರ ನಿಂತಿದೆಯಂತಲ್ಲ.

ಕಾರ್ಟ್ ದಿವಾಳಿಯಾದಾಗ ಒಂದಾಗುವ ಅವಕಾಶ ಬಂದಿತ್ತು. 2004ರ ಜನವರಿಯಲ್ಲಿ ಇಂಡಿಯಾನಾಪೊಲಿಸ್‌ನ ದಿವಾಳಿ ನ್ಯಾಯಾಲಯದಲ್ಲಿ ಅದರ ಆಸ್ತಿ ಹರಾಜಿಗೆ ಬಂತು. ಜಾರ್ಜನ ಕಡೆಯವರು ಹೆಚ್ಚು ದುಡ್ಡು ಕೂಗಿದರು. ಕೆವಿನ್ ಕಾಲ್ಕೋವೆನ್, ಜೆರಾಲ್ಡ್ ಫೋರ್ಸೈತ್ ಮುಂತಾದ ತಂಡದ ಮಾಲೀಕರು ಕಡಿಮೆ ಕೂಗಿದರು, ಆದರೆ ರೇಸುಗಳನ್ನು ನಡೆಸುತ್ತೇವೆ, ಕರಾರುಗಳನ್ನು ಉಳಿಸುತ್ತೇವೆ ಎಂದರು. ನ್ಯಾಯಾಧೀಶರು ಅವರಿಗೇ ಕೊಟ್ಟರು. ರೇಸು ನೆಚ್ಚಿಕೊಂಡ ಊರುಗಳ, ಸಂಘಟಕರ ದೃಷ್ಟಿಯಿಂದ ನೋಡಿದರೆ ನ್ಯಾಯವಾದ ತೀರ್ಪೇ. ಆದರೂ ಇನ್ನೂ ನಾಲ್ಕು ವರ್ಷ ಇಬ್ಬರೂ ಒಂದೇ ಸಣ್ಣ ಗುಂಪಿನ ಪ್ರೇಕ್ಷಕರನ್ನು ಹಂಚಿಕೊಂಡು ಉಪವಾಸ ಬಿದ್ದರು. ಆ ನಾಲ್ಕು ವರ್ಷ ಇಬ್ಬರೂ ಮಾಡಿದ್ದು, ಇನ್ನೊಬ್ಬ ಮೊದಲು ಬೀಳಲಿ ಎಂದು ಕಾಯುವುದು. ನಿನ್ನ ಆರು ತಿಂಗಳು ಇದೇ ಅಲ್ಲವೆ ರಘು?

ಕೊನೆಗೆ ಒಂದಾದದ್ದು 2008ರ ಫೆಬ್ರವರಿ ಕೊನೆಯಲ್ಲಿ. ಸಹಿಯಾದಾಗ ಮೊದಲ ರೇಸಿಗೆ ತಿಂಗಳು ಚಿಲ್ಲರೆ ಉಳಿದಿತ್ತು. ಪತ್ರಿಕೆಗಳು ಅದನ್ನು ವಿಲೀನ ಎಂದವು. ಚಾಂಪ್ ಕಾರಿನ ಸರಣಿ ಮುಚ್ಚಿತು, ಲೀಗಿನ ನಿಯಮ, ಲೀಗಿನ ಕಾರು, ಲೀಗಿನ ಎಂಜಿನ್ ಉಳಿದವು. ಜಾರ್ಜ್ ಒಂದು ಒಳ್ಳೆಯ ಕೆಲಸ ಮಾಡಿದ, ಅದನ್ನು ಹೇಳಲೇಬೇಕು: ಬರುವ ತಂಡಗಳಿಗೆ ಡಲ್ಲಾರಾ ಕಾರುಗಳನ್ನು ಬಿಟ್ಟಿಯಾಗಿ ಕೊಟ್ಟ, ಹೋಂಡಾ ಎಂಜಿನ್ನಿಗೆ ದಾರಿ ಮಾಡಿದ, ಕೈಗೆ ಹಣವನ್ನೂ ಕೊಟ್ಟ. ಆದರೆ ಚಾಂಪ್ ಕಾರ್ ತಂಡಗಳು ಹಿಂದಿನ ವರ್ಷವಷ್ಟೇ ಹೊಚ್ಚಹೊಸ ಪಾನೋಜ್ ಕಾರುಗಳನ್ನು ಕೊಂಡಿದ್ದವು. ಒಂದೇ ಸೀಸನ್ ಓಡಿದ ಆ ಕಾರುಗಳು ರಾತ್ರೋರಾತ್ರಿ ಷೋಕೇಸಿನ ಸಾಮಾನಾದವು. ಕಾಲ್ಕೋವೆನ್ ಮತ್ತು ಫೋರ್ಸೈತ್ ಸೇರಿ ಕೊಂಡಿದ್ದ ಕಾಸ್ವರ್ತ್ ಎಂಜಿನ್ ಕಂಪನಿಗೆ ಈ ಸರಣಿಯಲ್ಲಿ ಗಿರಾಕಿಯೇ ಇಲ್ಲವಾಯಿತು.

ಎಲ್ಲಕ್ಕಿಂತ ನನಗೆ ಮರೆಯಲಾಗದ್ದು ತಾರೀಖಿನ ಪೇಚು. ಎರಡು ಕ್ಯಾಲೆಂಡರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಏಪ್ರಿಲ್ ಮೂರನೇ ವಾರ ಎರಡೂ ಕಡೆ ತುಂಬಿತ್ತು. ಲೀಗಿನವರು ಜಪಾನಿನ ಮೊಟೆಗಿಗೆ ಹೋಗಬೇಕು. ಆ ಟ್ರ್ಯಾಕು ಹೋಂಡಾದ್ದು, ಎಲ್ಲರ ಎಂಜಿನ್ನೂ ಹೋಂಡಾದ್ದೇ, ಆಗುವುದಿಲ್ಲ ಎನ್ನುವ ಹಾಗಿಲ್ಲ. ಚಾಂಪ್ ಕಾರಿನವರದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್. ಊರ ಬೀದಿಗಳನ್ನೇ ಮುಚ್ಚಿ, ಕಾಂಕ್ರೀಟ್ ಗೋಡೆ ನಿಲ್ಲಿಸಿ ಮಾಡುವ ರೇಸು, 1984ರಿಂದ ಅವರ ಹೆಮ್ಮೆ. ಟಿಕೆಟ್ ಮಾರಾಟವಾಗಿತ್ತು. ಯಾರೂ ಜಗ್ಗಲಿಲ್ಲ. ಒಂದಾದ ಮೇಲೆ ಎರಡನೇ ತಿಂಗಳಲ್ಲೇ, ಒಂದೇ ಚಾಂಪಿಯನ್‌ಷಿಪ್ಪಿಗಾಗಿ, ಒಂದೇ ವಾರಾಂತ್ಯದಲ್ಲಿ ಎರಡು ಖಂಡಗಳಲ್ಲಿ ಎರಡು ರೇಸು ನಡೆದವು. ಲೀಗಿನವರು ಡಲ್ಲಾರಾದಲ್ಲಿ ಜಪಾನಿಗೆ, ಚಾಂಪ್ ಕಾರಿನವರು ಮೂಲೆಗಿಟ್ಟ ಪಾನೋಜ್‌ಗಳನ್ನು ಕೊನೆಯ ಸಲ ಒರೆಸಿ ಲಾಂಗ್ ಬೀಚಿಗೆ. ಎರಡೂ ಕಡೆ ಪೂರಾ ಅಂಕ.

ಜಪಾನಿನಲ್ಲಿ ಟ್ರ್ಯಾಕು ಒದ್ದೆಯಾಗಿ ಶನಿವಾರದ ರೇಸು ಭಾನುವಾರಕ್ಕೆ ಹೋಯಿತು. ಇಂಧನ ಲೆಕ್ಕ ಹಾಕಿ ಓಡಿಸಿದ ಡ್ಯಾನಿಕಾ ಪ್ಯಾಟ್ರಿಕ್ ಕೊನೆಯ ಮೂರು ಸುತ್ತು ಇರುವಾಗ ಮುಂದೆ ಬಂದು ಗೆದ್ದಳು. ಇಂಡಿಕಾರ್ ಸರಣಿಯ ರೇಸು ಗೆದ್ದ ಮೊದಲ ಹೆಣ್ಣುಮಗಳು. ಆ ಕ್ರೀಡೆಗೆ ಅಷ್ಟು ವರ್ಷಗಳಲ್ಲಿ ಸಿಕ್ಕ ಅತಿ ದೊಡ್ಡ ಸುದ್ದಿ. ಅದು ಹುಟ್ಟುವಾಗ ಅರ್ಧ ಮಂದಿ ಚಾಲಕರು ಪೆಸಿಫಿಕ್ ಸಾಗರದ ಈಚೆ ದಡದಲ್ಲಿದ್ದರು, ಅಮೆರಿಕದ ಅಭಿಮಾನಿಗಳು ಇನ್ನೂ ಶನಿವಾರದ ರಾತ್ರಿಯಲ್ಲಿದ್ದರು. ಮರುದಿನ ಲಾಂಗ್ ಬೀಚಿನಲ್ಲಿ ಆಸ್ಟ್ರೇಲಿಯಾದ ವಿಲ್ ಪವರ್ ಗೆದ್ದ. ಅವನು ಪ್ಯಾಟ್ರಿಕ್‌ಳನ್ನೂ ಅವಳು ಅವನನ್ನೂ ಸೋಲಿಸಿರಲಿಲ್ಲ.

ಸೇರುವ ಮೊದಲು ಕ್ಯಾಲೆಂಡರು ಪಕ್ಕದಲ್ಲಿಟ್ಟುಕೊಂಡು ಕೂರಿ ಎಂದು ನಾನು ಬಡಕೊಳ್ಳುವುದು ಇದಕ್ಕೇ. ನಿಮ್ಮಿಬ್ಬರ ದೊಡ್ಡ ಗಿರಾಕಿಗಳೂ ತಿಂಗಳ ಕೊನೆಯ ವಾರವೇ ಮಾಲು ಕೇಳುವವರು. ಯಂತ್ರ ಯಾರ ಕೆಲಸಕ್ಕೆ ಮೊದಲು ನಿಲ್ಲುತ್ತದೆ? ಇದನ್ನು ಸಹಿಗೆ ಮುಂಚೆ ತೀರ್ಮಾನಿಸದಿದ್ದರೆ ಸಹಿಯಾದ ಮೊದಲ ತಿಂಗಳಲ್ಲೇ ನಿಮ್ಮ ಫೋರ್‌ಮನ್ನುಗಳಿಬ್ಬರೂ ಕಾಲರ್ ಹಿಡಿದುಕೊಳ್ಳುತ್ತಾರೆ.

ಸೀಟು ಕಳೆದುಕೊಂಡವರ ವಿಷಯಕ್ಕೆ ಬರುತ್ತೇನೆ. ಫೋರ್ಸೈತ್ ಹೊಸ ವ್ಯವಸ್ಥೆಗೆ ಬರಲೇ ಇಲ್ಲ. ಅವನ ಚಾಲಕ ಪಾಲ್ ಟ್ರೇಸಿ, 2003ರ ಚಾಂಪಿಯನ್, ಲಾಂಗ್ ಬೀಚ್ ಮುಗಿದ ಮೇಲೆ ಕೆಲಸವಿಲ್ಲದೆ ನಿಂತ. ಆ ವರ್ಷ ಆಮೇಲೆ ಅವನಿಗೆ ಸಿಕ್ಕಿದ್ದು ಎಡ್ಮಂಟನ್ನಿನ ಒಂದು ರೇಸು. ಇದೇ ಟ್ರೇಸಿ 2002ರ 500ರಲ್ಲಿ ಕೊನೆಯ ಗಳಿಗೆಯಲ್ಲಿ ತಾನೇ ಮುಂದಿದ್ದೆ ಎಂದು ವಾದಿಸಿದ್ದ. ಅವನ ತಂಡದ ಅಪೀಲನ್ನು ತಳ್ಳಿಹಾಕಿದ್ದು ಟೋನಿ ಜಾರ್ಜ್. ನ್ಯಾಯ ಯಾರ ಕಡೆ ಇತ್ತೋ, ನಾನು ಹೇಳಲಾರೆ. ಆದರೆ ಎದುರು ಸರಣಿಯ ಒಡೆಯನೇ ತೀರ್ಪುಗಾರನಾದರೆ, ತೀರ್ಪು ಸರಿಯಿದ್ದರೂ ನಂಬುವವರು ಸಿಗುವುದಿಲ್ಲ. ಊರುಗಳೂ ಸೀಟು ಕಳೆದುಕೊಂಡವು. 1982ರಿಂದ ವಿಮಾನ ನಿಲ್ದಾಣದ ರನ್‌ವೇ ಮೇಲೆ ರೇಸು ನಡೆಸುತ್ತಿದ್ದ ಕ್ಲೀವ್‌ಲ್ಯಾಂಡಿಗೆ ಆ ರೇಸು ತಿರುಗಿ ಬರಲಿಲ್ಲ.

ಬಂದ ತಂಡಗಳಿಗೂ ಸುಲಭವಿರಲಿಲ್ಲ. ಗುರುತಿಲ್ಲದ ಕಾರು, ಅಭ್ಯಾಸಕ್ಕೆ ಕೆಲವೇ ದಿನ. ಹತ್ತೊಂಬತ್ತರ ಹುಡುಗ ಗ್ರಹಾಂ ರೇಹಲ್ ಅಭ್ಯಾಸದಲ್ಲಿ ಅಪಘಾತವಾಗಿ ಮೊದಲ ರೇಸಿಗೇ ಇಳಿಯಲಾಗಲಿಲ್ಲ, ಎರಡನೆಯದರಲ್ಲಿ ಗೆದ್ದುಬಿಟ್ಟ. ಅವನ ತಂಡದ ಮಾಲೀಕರಲ್ಲಿ ಒಬ್ಬರು ನಟ ಪಾಲ್ ನ್ಯೂಮನ್, ಎರಡು ಬಣ ಒಂದಾಗಲಿ ಎಂದು ಬಯಸಿದ್ದವರು. ಆ ಸೆಪ್ಟೆಂಬರಿನಲ್ಲೇ ತೀರಿಕೊಂಡರು. ಆದರೆ ವರ್ಷದ ಪಟ್ಟಿ ನೋಡಿದರೆ ಮೊದಲ ಎಂಟು ಸ್ಥಾನಗಳಲ್ಲಿ ಚಾಂಪ್ ಕಾರಿನಿಂದ ಬಂದ ತಂಡ ಒಂದೂ ಇಲ್ಲ. ಕೂಡಿದ ದಿನದಿಂದಲೇ ಸಮಾನರಾಗುತ್ತಾರೆಂದು ಯಾರೂ ಭ್ರಮಿಸಬಾರದು. ಕಾಲ್ಕೋವೆನ್ ತಂಡ ಇಂಡಿಯಾನಾಪೊಲಿಸ್ ಗೆದ್ದದ್ದು 2013ರಲ್ಲಿ, ಐದು ವರ್ಷ ಬೇಕಾಯಿತು.

ಟೋನಿ ಜಾರ್ಜ್ ಗೆದ್ದನೆ? ಒಂದಾದ ಮರುವರ್ಷವೇ, 2009ರಲ್ಲಿ, ಕುಟುಂಬದೊಳಗಿನ ಅಸಮಾಧಾನದ ನಡುವೆ ಅವನು ಅಧಿಕಾರದಿಂದ ಇಳಿದ. ಮತ್ತೆ ಹತ್ತು ವರ್ಷ ಕಳೆದು, 2019ರಲ್ಲಿ, ಕುಟುಂಬದ ಕಂಪನಿಯ ಅಧ್ಯಕ್ಷನಾಗಿ ಅವನೇ ಲಗುನಾ ಸೆಕಾ ಟ್ರ್ಯಾಕಿನಲ್ಲಿ ಒಬ್ಬ ಮುದುಕರ ಹತ್ತಿರ ಹೋಗಿ, ಎಲ್ಲವನ್ನೂ ನೀವೇ ವಹಿಸಿಕೊಳ್ಳುತ್ತೀರಾ ಎಂದು ಮಾತು ತೆಗೆದ. 2020ರ ಜನವರಿಯಲ್ಲಿ ಟ್ರ್ಯಾಕು, ಸರಣಿ ಎಲ್ಲ ಕೈಬದಲಾಯಿತು. ಕೊಂಡವರು ರೋಜರ್ ಪೆನ್ಸ್ಕಿ, 1979ರಲ್ಲಿ ಕೋರ್ಟಿನ ಕಾಗದ ಹಿಡಿದು ಅದೇ ಗೇಟಿನೊಳಗೆ ಬಂದವರು. ಈಗ ಓಡುವ ಸರಣಿಯಲ್ಲಿ ಬೀದಿಯೂ ಇದೆ, ಅಂಡಾಕಾರವೂ ಇದೆ, ವಿದೇಶಿಗಳೂ ಇದ್ದಾರೆ. ಅಂದರೆ 1995ರಲ್ಲಿ ಇದ್ದದ್ದೇ ಇದೆ. ನಡುವಿನ ವರ್ಷಗಳಲ್ಲಿ ಎದ್ದುಹೋದ ಪ್ರೇಕ್ಷಕರಲ್ಲಿ ಎಷ್ಟೋ ಮಂದಿ ಮಾತ್ರ ಹಿಂದಿರುಗಲಿಲ್ಲ.

ನೀವಿಬ್ಬರೂ ಒಂದಾಗಲೇಬೇಕು ಎಂದು ನಾನು ಹೇಳುತ್ತಿಲ್ಲ. ಬೇರೆಬೇರೆಯಾಗಿಯೇ ಇದ್ದು ದೀಪಾವಳಿಗೆ ಒಟ್ಟಿಗೆ ಊಟ ಮಾಡಿದರೂ ಸಾಕು. ಆದರೆ ಸೇರುವುದಾದರೆ ಇಬ್ಬರ ಕಾಲೂ ಗಟ್ಟಿಯಿರುವಾಗ ಸೇರಿ. ಪ್ರಕಾಶನ ಬ್ಯಾಂಕಿನವರು ಶೆಡ್ಡಿಗೆ ನೋಟಿಸು ಅಂಟಿಸಿದ ಮೇಲೆ ನೀನು ಹೋಗಿ ಕೈ ಹಿಡಿದರೆ, ರಘು, ಅದನ್ನು ಅವನು ಜನ್ಮದಲ್ಲಿ ಮರೆಯುವುದಿಲ್ಲ. ಅವನ ಹುಡುಗರೂ ಮರೆಯುವುದಿಲ್ಲ. ಪ್ರಕಾಶಾ, ನೀನೂ ಅಷ್ಟೆ: ಹೆಸರು ಯಾವುದಿರಬೇಕು ಎಂದು ಹಟ ಹಿಡಿದು ಕೂರಬೇಡ. ಕೇಳಬೇಕಾದದ್ದು ಚೆಕ್ಕಿನ ಮೇಲಿನ ಎರಡನೇ ಸಹಿ, ಅದನ್ನು ಕೇಳು.

ಕರಾರಿನ ಕರಡು ಸಿದ್ಧವಾದರೆ ನನಗೊಂದು ಪ್ರತಿ ಕಳಿಸಿ. ದುಡ್ಡಿನ ಪುಟಗಳು ನನಗೆ ಬೇಡ, ಅವನ್ನು ಆಡಿಟರ್ ನೋಡಿಕೊಳ್ಳುತ್ತಾರೆ. ಇಬ್ಬರು ಫೋರ್‌ಮನ್‌ಗಳಲ್ಲಿ ಯಾರು ಉಳಿಯುತ್ತಾರೆ, ಇನ್ನೊಬ್ಬರಿಗೆ ಏನು ಕೆಲಸ, ಎರಡು ಕಡೆ ಇರುವ ಒಂದೇ ಬಗೆಯ ಯಂತ್ರಗಳಲ್ಲಿ ಯಾವುದನ್ನು ಮಾರುತ್ತೀರಿ, ಅದನ್ನು ನಡೆಸುವ ಹುಡುಗ ಎಲ್ಲಿಗೆ ಹೋಗುತ್ತಾನೆ ಎಂದು ಹೆಸರು ಹಿಡಿದು ಬರೆದ ಪುಟ ಬೇಕು. ಆ ಪುಟ ಇಲ್ಲದಿದ್ದರೆ ಸಹಿ ಹಾಕಬೇಡಿ.

ನಿಮ್ಮ ದೊಡ್ಡಪ್ಪ